ಮಂಗನ ಕಾಯಿಲೆಯ ಹೊಸ ಲಸಿಕೆ: ಒರೆಗೆ ಹಚ್ಚುವ ಸಿದ್ಧತೆ ಮಲೆನಾಡಿನಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ (ಐಸಿಎಂಆರ್) ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೂ ಸೇರಿ ಮಂಗನ ಕಾಯಿಲೆಗೆ ಹೊಸ ಲಸಿಕೆ ರೂಪಿಸುವ ಕೆಲಸದಲ್ಲಿ ತೊಡಗಿರುವುದು ಮಲೆನಾಡಿನ ಜನರಿಗೆಲ್ಲ ಸಮಾಧಾನ ತಂದಿದೆ. ಲಸಿಕೆ ಯಾವಾಗ ಬರುತ್ತದೆ ಎಂಬುದೇ ಈಗ ಎಲ್ಲರ ಬಾಯಲ್ಲಿರುವ ಪ್ರಶ್ನೆ. ಸಾಗರ ತಾಲ್ಲೂಕಿನ ಆಸುಪಾಸಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂರು ದಶಕ ದುಡಿದು, ಹಳೆಯ ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಊರೂರು ಅಲೆದ ನನಗೆ ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಕಾಡುತ್ತಿದೆ. ಬಂದ ಲಸಿಕೆ ನಿಜಕ್ಕೂ ಕಾಯಿಲೆ ತಡೆಯುತ್ತದೆಯೇ ಎಂದು ಜನರ ನಡುವೆ ನಿಂತು ಅಳೆದು ನೋಡುವವರು ಯಾರು, ಯಾವ ಆಸ್ಪತ್ರೆಯವರು, ಅವರಿಗೆ ಆ ಕೆಲಸ ಕಲಿಸಿದವರು ಯಾರು? ಈ ವಿಷಯ ಯಾವ ಸಭೆಯಲ್ಲೂ ಗಂಭೀರವಾಗಿ ಚರ್ಚೆಯಾದಂತೆ ಕಾಣದ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ಹಳೆಯ ಲಸಿಕೆಯ ದಾಖಲೆ ಪುಸ್ತಕ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ರಟ್ಟು ಹಾಕಿದ ಉದ್ದನೆಯ ಲೆಡ್ಜರ್. ಎಡಗಡೆ ಹೆಸರು, ಮನೆ ಯಜಮಾನರ ಹೆಸರು, ವಯಸ್ಸು. ಅದರ ಮುಂದೆ ಮೊದಲ ಡೋಸ್, ಒಂದು ತಿಂಗಳ ನಂತರದ ಎರಡನೇ ಡೋಸ್, ಆರರಿಂದ ಒಂಬತ್ತು ತಿಂಗಳೊಳಗಿನ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಮೊದಲ ಕಾಲಂ ತುಂಬಿರುತ್ತಿತ್ತು, ಎರಡನೆಯದರಲ್ಲಿ ಅಲ್ಲಲ್ಲಿ ಬಿಟ್ಟುಹೋಗಿರುತ್ತಿತ್ತು, ಬೂಸ್ಟರಿನ ಕಾಲಮ್ಮಿಗೆ ಬರುವಷ್ಟರಲ್ಲಿ ಪುಟ ಬೆಳ್ಳಗೆ ಉಳಿದಿರುತ್ತಿತ್ತು. ಜನರನ್ನು ದೂರಿ ಪ್ರಯೋಜನವಿರಲಿಲ್ಲ. ಆ ಚುಚ್ಚುಮದ್ದು ಬಹಳ ನೋಯುತ್ತಿತ್ತು. ತೋಳು ಊದಿಕೊಂಡು ಎರಡು ದಿನ ಕೈ ಎತ್ತಲಾಗದಿದ್ದರೆ ಕೂಲಿ ಹೋಯಿತೆಂದೇ ಲೆಕ್ಕ. ಜನವರಿಯಲ್ಲಿ ಯಾರಾದರೂ ಜ್ವರ, ಮೈಕೈ ನೋವು, ಕೆಂಪು ಕಣ್ಣಿನೊಂದಿಗೆ ಬಂದಾಗ ವೈದ್ಯರು ಮೊದಲು ಕೇಳುತ್ತಿದ್ದದ್ದು ಲಸಿಕೆಯ ವಿಚಾರ. ‘ಚುಚ್ಚಿಸ್ಕೊಂಡಿದ್ದೆ ಮಾರಾಯ್ರೆ, ಎಷ್ಟನೇದು ಅಂತ ನೆನಪಿಲ್ಲ’ ಎಂಬ ಉತ್ತರ ಬರುತ್ತಿತ್ತು. ಲೆಡ್ಜರ್ ನೋಡೋಣವೆಂದರೆ ಅದು ಇನ್ನೊಂದು ಕೇಂದ್ರದ ಬೀರುವಿನಲ್ಲಿ ಇರುತ್ತಿತ್ತು. ರೋಗಿಯ ಚೀಟಿಯೂ ಲಸಿಕೆಯ ಪುಟವೂ ಒಂದೇ ಮೇಜಿನ ಮೇಲೆ ಸೇರಿದ ದಿನ ನನ್ನ ಸೇವೆಯಲ್ಲಿ ತೀರಾ ಅಪರೂಪ.

ಇದರ ಫಲವಾಗಿ ಒಂದೇ ಲಸಿಕೆಯ ಬಗ್ಗೆ ನಮ್ಮ ಕೈಯಲ್ಲಿ ಮೂರು ಬಗೆಯ ಉತ್ತರಗಳಿವೆ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಾಲಿನ್ ಬಳಸಿ ನಿಷ್ಕ್ರಿಯಗೊಳಿಸಿ ತಯಾರಿಸುತ್ತಿದ್ದ ಆ ಲಸಿಕೆ 1990ರ ಹೊತ್ತಿಗೆ ಊರೂರಿಗೆ ತಲುಪಿದ ಹೊಸತರಲ್ಲಿ ನಡೆದ ಅಧ್ಯಯನವು ಒಂದು ಡೋಸಿಗೆ ಶೇ 79ರಷ್ಟು, ಎರಡು ಡೋಸಿಗೆ ಶೇ 93ಕ್ಕೂ ಹೆಚ್ಚು ರಕ್ಷಣೆ ಇದೆಯೆಂದಿತು. 2005ರಿಂದ 2010ರವರೆಗಿನ ಅಂಕಿಅಂಶಗಳನ್ನು ಆಮೇಲೆ ಕೂತು ಲೆಕ್ಕ ಹಾಕಿದವರಿಗೆ ಎರಡು ಡೋಸಿಗೆ ಸುಮಾರು ಶೇ 62, ಬೂಸ್ಟರ್ ಸೇರಿದರೆ ಸುಮಾರು ಶೇ 83 ಎಂದು ಕಂಡಿತು. 2013–14ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಉಲ್ಬಣಿಸಿದಾಗ ಪರಿಶೀಲಿಸಿದವರು ಲಸಿಕೆ ಪಡೆದವರೇ ಕಡಿಮೆ, ಪಡೆದವರಲ್ಲೂ ಪರಿಣಾಮ ಕಡಿಮೆ, ಮೇಲಾಗಿ ಲಸಿಕೆಗೆಂದು ಆರಿಸಿಕೊಂಡ ಹಳ್ಳಿಗಳ ಮತ್ತು ವಯಸ್ಸಿನ ಆಚೆಗೂ ಕಾಯಿಲೆ ಹರಡಿದೆ ಎಂದು ವರದಿ ಮಾಡಿದರು. ಲಸಿಕೆಯ ಶಕ್ತಿಯೇ ಕುಂದಿತ್ತೋ, ದಾರಿಯಲ್ಲಿ ತಂಪು ತಪ್ಪಿ ಕೆಟ್ಟಿತೋ, ಡೋಸುಗಳು ಅರ್ಧಕ್ಕೆ ನಿಂತದ್ದೇ ಕಾರಣವೋ ಎಂದು ಬೇರ್ಪಡಿಸಿ ಹೇಳಲು ಬೇಕಾದ ಹೋಲಿಕೆಯ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಲಿಲ್ಲ. 2022ರಲ್ಲಿ ಲಸಿಕೆ ನಿಂತೇ ಹೋಯಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಕಾಯಿಲೆ ಮೊದಲು ಗುರುತಾದ ಮೇಲೆ, ಅದರ ಹತ್ತಿರದ ಸಂಬಂಧಿಯಾದ ರಷ್ಯಾದ ಉಣುಗು ಜ್ವರಕ್ಕೆಂದು ಮಾಡಿದ್ದ ಲಸಿಕೆಯನ್ನು ಇಲ್ಲಿನ ಹಳ್ಳಿಗರಿಗೆ ಕೊಟ್ಟು ನೋಡಿ, ಪ್ರಯೋಜನವಿಲ್ಲವೆಂದು ಕೆಲವೇ ವರ್ಷಗಳಲ್ಲಿ ಕಂಡುಕೊಂಡಿದ್ದರು. ಅಷ್ಟು ಬೇಗ ‘ಇದು ಆಗದು’ ಎಂದು ಹೇಳಲು ಸಾಧ್ಯವಾದ ಊರಿನಲ್ಲೇ ಮುಂದಿನ ಲಸಿಕೆಯ ಬಗ್ಗೆ ಮೂರು ದಶಕ ಅನುಮಾನದಲ್ಲೇ ಕಳೆದೆವು.

ಈ ಕಾಯಿಲೆಗೊಂದು ಕಾಲವಿದೆ. ಡಿಸೆಂಬರಿನಿಂದ ಮೇ ತನಕ, ಅದರಲ್ಲೂ ಜನವರಿಯಿಂದ ಮಾರ್ಚ್ ವರೆಗೆ, ಮರಿ ಉಣುಗುಗಳು ಕಾಡಿನ ನೆಲದಲ್ಲಿ ತುಂಬಿರುವಾಗ, ತರಗೆಲೆಗೆಂದು ಸೊಪ್ಪಿನ ಬೆಟ್ಟಕ್ಕೆ ಹೋದವರಿಗೂ ಸೌದೆಗೆ ಹೋದವರಿಗೂ ದನ ಕಾಯುವವರಿಗೂ ತಗಲುತ್ತದೆ. ಮಳೆ ಬಿದ್ದರೆ ಕಾಯಿಲೆಯೂ ಮರೆಯಾಗುತ್ತದೆ, ಅಧಿಕಾರಿಗಳ ನೆನಪೂ ಮರೆಯಾಗುತ್ತದೆ. ಕಾಯಿಲೆ ಕಾಣಿಸಿಕೊಂಡ ಮೇಲೆ ಪ್ರಯೋಗದ ಕಾಗದಪತ್ರ ಶುರು ಮಾಡಿದರೆ ಅನುಮತಿ ಕೈಗೆ ಬರುವ ಹೊತ್ತಿಗೆ ಮುಂಗಾರು ಬಂದಿರುತ್ತದೆ.

ಹೀಗಾದದ್ದು ನಮ್ಮಲ್ಲಿ ಮಾತ್ರವಲ್ಲ. ಪಶ್ಚಿಮ ಆಫ್ರಿಕಾದಲ್ಲಿ 2014ರಲ್ಲಿ ಎಬೋಲಾ ಹಬ್ಬಿದಾಗ ಝಡ್‌ಮ್ಯಾಪ್ ಎಂಬ ಔಷಧವನ್ನು 200 ರೋಗಿಗಳಲ್ಲಿ ಪರೀಕ್ಷಿಸಬೇಕೆಂದು ಹೊರಟವರಿಗೆ ಸಿಕ್ಕಿದ್ದು 72 ಮಂದಿ. ಅಷ್ಟರಲ್ಲಿ ಕಾಯಿಲೆ ಇಳಿಮುಖವಾಗಿತ್ತು. ಔಷಧದಿಂದ ಉಪಯೋಗವಿರಬಹುದೆಂಬ ಸುಳಿವು ದೊರೆತರೂ ಖಾತ್ರಿಯಾಗಲಿಲ್ಲ. 2018–19ರಲ್ಲಿ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ, ಸುತ್ತಲೂ ಬಂದೂಕಿನ ಸದ್ದು ಇದ್ದಾಗಲೇ, ಅಲ್ಲಿನ ರಾಷ್ಟ್ರೀಯ ಜೈವಿಕ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಮುಂದಾಳತ್ವದಲ್ಲಿ 681 ರೋಗಿಗಳನ್ನು ಸೇರಿಸಿಕೊಂಡು ನಾಲ್ಕು ಔಷಧಗಳನ್ನು ಹೋಲಿಸಿದರು. ಎರಡು ಔಷಧಗಳು ಗೆದ್ದವು. ಹಿಂದೆ ಆಸೆ ಹುಟ್ಟಿಸಿದ್ದ ಝಡ್‌ಮ್ಯಾಪ್ ಹಿಂದೆ ಬಿತ್ತು. ಎಪ್ಪತ್ತೆರಡು ಜನರ ಸುಳಿವನ್ನೇ ನಂಬಿ ಕುಳಿತಿದ್ದರೆ ಏನಾಗುತ್ತಿತ್ತೆಂದು ಓದುಗರೇ ಊಹಿಸಬಹುದು.

ಇದಕ್ಕಿಂತಲೂ ಕಣ್ಣು ತೆರೆಸುವುದು ಉಗಾಂಡದ ಕಥೆ. ಎಬೋಲಾದ ಸೂಡಾನ್ ತಳಿಗೆ ಒಪ್ಪಿಗೆ ಪಡೆದ ಲಸಿಕೆ ಇಲ್ಲ. ಅಲ್ಲಿ 2022ರ ಸೆಪ್ಟೆಂಬರ್ 20ರಂದು ಕಾಯಿಲೆ ಘೋಷಣೆಯಾಯಿತು; ಪರೀಕ್ಷೆಗೆಂದು ಲಸಿಕೆಯ ಮೊದಲ ಕಂತು ದೇಶಕ್ಕೆ ಬಂದಿಳಿದದ್ದು ಡಿಸೆಂಬರ್ 8ರಂದು. ಕೊನೆಯ ರೋಗಿ ಗುಣವಾಗಿ ಮನೆಗೆ ಹೋಗಿ ಒಂದು ವಾರ ಕಳೆದಿತ್ತು. ಯಾರ ಮೇಲೆ ಪರೀಕ್ಷಿಸುವುದು? ಅಲ್ಲಿಯವರು ಅಷ್ಟಕ್ಕೇ ಕೈಚೆಲ್ಲಲಿಲ್ಲ. ಪ್ರಯೋಗದ ವಿಧಾನವನ್ನು ಬರೆದಿಟ್ಟರು, ಪ್ರಯೋಗಕ್ಕೆ ಒಳಗಾಗುವವರ ಹಿತ ಕಾಯುವ ನೈತಿಕ ಸಮಿತಿಯ ಪ್ರಶ್ನೆಗಳಿಗೆ ಬಿಡುವಿನ ಕಾಲದಲ್ಲೇ ಉತ್ತರಿಸಿದರು, ಸಿಬ್ಬಂದಿಗೆ ತರಬೇತಿ ಕೊಟ್ಟರು, ಲಸಿಕೆಯ ದಾಸ್ತಾನನ್ನು ದೇಶದೊಳಗೇ ಇರಿಸಿಕೊಂಡರು. 2025ರ ಜನವರಿ 30ರಂದು ಅದೇ ಕಾಯಿಲೆ ಮತ್ತೆ ಘೋಷಣೆಯಾದಾಗ ಫೆಬ್ರುವರಿ 3ರಂದು, ಅಂದರೆ ನಾಲ್ಕೇ ದಿನಕ್ಕೆ, ಮೆಕರೆರೆ ವಿಶ್ವವಿದ್ಯಾಲಯ ಮತ್ತು ಉಗಾಂಡ ವೈರಸ್ ಸಂಶೋಧನಾ ಸಂಸ್ಥೆಯ ತಂಡಗಳು ಲಸಿಕೆಯ ಪ್ರಯೋಗ ಆರಂಭಿಸಿದವು. ಅಲ್ಲಿ ಕಾಯಿಲೆ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ತಿಂಗಳು ಗೊತ್ತು, ತಾಲ್ಲೂಕು ಗೊತ್ತು, ಮಂಗ ಸತ್ತರೆ ಮುನ್ಸೂಚನೆಯೂ ಸಿಗುತ್ತದೆ.

ಅನುಮತಿಯೇ ತಡವಾಗುತ್ತದೆ ಎಂಬ ಹಳೆಯ ದೂರು ಈಗ ಪೂರ್ತಿ ನಿಜವಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ನಮ್ಮ ದೇಶದಲ್ಲೇ ಕಂಡುಹಿಡಿದ ಔಷಧದ ಪ್ರಯೋಗಕ್ಕೆ ಸಲ್ಲಿಸಿದ ಅರ್ಜಿಯನ್ನು ಕೇಂದ್ರದ ಪ್ರಾಧಿಕಾರವು 30 ಕೆಲಸದ ದಿನಗಳಲ್ಲಿ ತೀರ್ಮಾನಿಸಬೇಕು. ತೊಡಕಿರುವುದು ಅದೇ ನಿಯಮಾವಳಿಯ ಇನ್ನೊಂದು ಮೂಲೆಯಲ್ಲಿ. ಪ್ರಯೋಗ ನಡೆಯುವ ಆಸ್ಪತ್ರೆಗೆ ಸ್ವಂತ ನೈತಿಕ ಸಮಿತಿ ಇಲ್ಲದಿದ್ದರೆ ಬೇರೆ ಸಮಿತಿಯ ಒಪ್ಪಿಗೆ ಪಡೆಯಬಹುದು. ಆದರೆ ಆ ಸಮಿತಿ ಅದೇ ಊರಿನಲ್ಲಿ ಅಥವಾ 50 ಕಿ.ಮೀ. ತ್ರಿಜ್ಯದ ವೃತ್ತದೊಳಗೆ ಇರಬೇಕು. ತೀರ್ಥಹಳ್ಳಿಯೇನೋ ಶಿವಮೊಗ್ಗದಿಂದ ಈ ಅಳತೆಯೊಳಗೆ ಬೀಳುತ್ತದೆ. ಸಾಗರ ಬೀಳುವುದಿಲ್ಲ, ಸಿದ್ದಾಪುರವಂತೂ ಇನ್ನೂ ದೂರ. 2018–19ರಲ್ಲಿ ಅರಳಗೋಡು ಸೀಮೆಯಲ್ಲಿ ಸಾಲುಸಾಲು ಸಾವುಗಳಾದದ್ದು ಸಾಗರ ತಾಲ್ಲೂಕಿನಲ್ಲಿ. 2024ರಲ್ಲಿ ಕಾಯಿಲೆ ಜೋರಾಗಿ ಕಾಡಿದ್ದು ಸಿದ್ದಾಪುರವನ್ನು. ಕಾಯಿಲೆಯ ನಡುಮನೆಯಲ್ಲಿರುವ ಆಸ್ಪತ್ರೆಗಳು ಶಿವಮೊಗ್ಗದ ವೈದ್ಯಕೀಯ ಕಾಲೇಜಿನ ಸಮಿತಿಯ ಆಸರೆಯಲ್ಲಿ ಪ್ರಯೋಗ ನಡೆಸುವಂತಿಲ್ಲ. ನಕ್ಷೆಯ ಮೇಲೆ ಕಂಪಾಸ್ ಇಟ್ಟು ವೃತ್ತ ಎಳೆದು ನೋಡಿದವರಿಗೆ ಮಾತ್ರ ಕಾಣುವ ಅಡಚಣೆ ಇದು, ಹಾಗಾಗಿಯೇ ಇರಬೇಕು, ಯಾರೂ ಮಾತನಾಡುವುದಿಲ್ಲ.

ಸಾಗರದ ಉಪವಿಭಾಗ ಆಸ್ಪತ್ರೆಗೇ ಒಂದು ನೈತಿಕ ಸಮಿತಿ ಏಕಿರಬಾರದು? ಕನಿಷ್ಠ ಏಳು ಸದಸ್ಯರು, ಅವರಲ್ಲಿ ಅರ್ಧದಷ್ಟಾದರೂ ಸಂಸ್ಥೆಗೆ ಸಂಬಂಧವಿಲ್ಲದವರು, ಒಬ್ಬ ಕಾನೂನು ತಿಳಿದವರು, ಒಬ್ಬ ಸಾಮಾನ್ಯ ನಾಗರಿಕರು, ಒಬ್ಬ ಮಹಿಳೆ ಇರಬೇಕೆನ್ನುತ್ತದೆ ನಿಯಮ. ವಕೀಲರಿಗೂ ನಿವೃತ್ತ ಅಧ್ಯಾಪಕರಿಗೂ ಸಾಗರದಲ್ಲಿ ಬರವಿಲ್ಲ. ಇಲ್ಲದಿರುವುದು ಪ್ರಯೋಗದ ಕಾಗದಪತ್ರಗಳನ್ನು ಓದಿ ಪ್ರಶ್ನೆ ಕೇಳುವ ತರಬೇತಿ. ಅದನ್ನು ಕಲಿಸಲು ಒಂದು ಮಳೆಗಾಲ ಸಾಕು.

ಪ್ರಶ್ನೆ ಕೇಳುವವರು ಸ್ಥಳೀಯರೇ ಆಗಿರಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಹಳ ಹಿಂದೆ ಬೇರೊಂದು ಅಧ್ಯಯನಕ್ಕೆಂದು ನಮ್ಮ ಕೈಗೆ ಬಂದ ಒಪ್ಪಿಗೆ ಪತ್ರದಲ್ಲಿ ‘ಯಾದೃಚ್ಛಿಕ ಹಂಚಿಕೆ’ ಎಂಬ ಮಾತಿತ್ತು. ಅದನ್ನು ಓದಿ ಹೇಳಬೇಕಾದ ನಮ್ಮ ಶುಶ್ರೂಷಕಿಗೇ ಅರ್ಥವಾಗದೆ ‘ಇವರು ಕೊಟ್ಟಿದ್ದು ತಗೊಳಿ, ಏನೂ ಆಗಲ್ಲ’ ಎಂದು ಮುಗಿಸಿದರು. ತಪ್ಪು ಅವರದಲ್ಲ. ‘ಚೀಟಿ ಎತ್ತಿದ ಹಾಗೆ, ನಿಮಗೆ ಲಸಿಕೆಯೇ ಬರಬಹುದು, ಬೇರೆ ಚುಚ್ಚುಮದ್ದೂ ಬರಬಹುದು, ಯಾವುದೆಂದು ಕೊಡುವ ನಮಗೂ ಗೊತ್ತಿರುವುದಿಲ್ಲ, ಬೇಡವೆಂದರೆ ಬಿಡಬಹುದು, ಬಿಟ್ಟರೂ ಆಸ್ಪತ್ರೆಯ ಚಿಕಿತ್ಸೆ ತಪ್ಪುವುದಿಲ್ಲ’ ಎಂದು ಬರೆದಿದ್ದರೆ ಚೌತಿಯ ಚೀಟಿ ಎತ್ತಿದ ಯಾರಿಗಾದರೂ ತಿಳಿಯುತ್ತಿತ್ತು. ಆಗ ಆಂಧ್ರದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿರುವ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಲಸಿಕೆಯ ಅಧ್ಯಯನ ನಡೆದಾಗ ಹಾಸ್ಟೆಲಿನ ಬುಡಕಟ್ಟು ಹುಡುಗಿಯರ ಪರವಾಗಿ ವಾರ್ಡನ್‌ಗಳೇ ಒಪ್ಪಿಗೆಗೆ ಸಹಿ ಹಾಕಿದ್ದು ಹೊರಬಂದು, 2010ರಲ್ಲಿ ಆ ಕೆಲಸ ನಿಂತಿತು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಅದನ್ನು ಕಟುವಾಗಿ ಟೀಕಿಸಿತು. ಆ ಲಸಿಕೆಗೆ ಅಂಟಿದ ಅನುಮಾನ ತೊಳೆಯಲು ವರ್ಷಗಳೇ ಹಿಡಿದವು. ಮಂಗನ ಕಾಯಿಲೆಯ ಲಸಿಕೆಗೆ ಅಂಥದೊಂದು ಅಪಖ್ಯಾತಿ ಬಂದರೆ, ಮೊದಲೇ ಹಳೆಯ ಚುಚ್ಚುಮದ್ದಿನ ನೋವಿನ ನೆನಪಿರುವ ಹಳ್ಳಿಗಳಲ್ಲಿ ಇನ್ನೊಮ್ಮೆ ತೋಳು ಚಾಚುವವರು ಸಿಗಲಾರರು.

ಇನ್ನು ಸಂಖ್ಯೆಯ ಕಷ್ಟ. ಒಂದು ಸೀಮೆಯಲ್ಲಿ ಒಂದು ಬೇಸಿಗೆಗೆ ಸಾವಿರಕ್ಕೊಬ್ಬರಿಗೆ ಕಾಯಿಲೆ ಬರುತ್ತದೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಐದು ಸಾವಿರ ಜನರಿಗೆ ಲಸಿಕೆ ಕೊಟ್ಟು, ಇನ್ನೈದು ಸಾವಿರ ಜನರಿಗೆ ಕೊಡದೆ ನೋಡಿದರೆ, ಲಸಿಕೆಯಿಲ್ಲದ ಕಡೆ ಐದು ರೋಗಿಗಳು, ಇರುವ ಕಡೆ ಎರಡು ಸಿಗಬಹುದು. ಐದಕ್ಕೂ ಎರಡಕ್ಕೂ ನಡುವಿನ ಅಂತರ ಲಸಿಕೆಯದೋ ಅದೃಷ್ಟದ್ದೋ ಎಂದು ಯಾವ ಸಂಖ್ಯಾಶಾಸ್ತ್ರಜ್ಞರೂ ಪ್ರಮಾಣ ಮಾಡಿ ಹೇಳಲಾರರು. ಸಾಲದ್ದಕ್ಕೆ ಈ ವೈರಾಣು ಒಂದು ವರ್ಷ ಇದ್ದ ಕಡೆ ಮರುವರ್ಷ ಇರುವುದಿಲ್ಲ. ಆದ್ದರಿಂದ ಒಂದೇ ಆಸ್ಪತ್ರೆ, ಒಂದೇ ಬೇಸಿಗೆಯನ್ನು ನಂಬಿ ಹೊರಡುವ ಪ್ರಯೋಗ ನಿಷ್ಫಲವಾಗುವ ಸಂಭವವೇ ಹೆಚ್ಚು. ಬಂಡೀಪುರದಲ್ಲೂ ಕೇರಳದ ವಯನಾಡಿನಲ್ಲೂ ಗೋವಾದ ಸತ್ತರಿಯಲ್ಲೂ ಮಹಾರಾಷ್ಟ್ರದ ದೋಡಾಮಾರ್ಗದಲ್ಲೂ ಕಾಯಿಲೆ ಕಾಣಿಸಿಕೊಂಡಿದೆ. ಒಂದೇ ವಿಧಾನವನ್ನು ಈ ಎಲ್ಲ ಕಡೆಯ ತಾಲ್ಲೂಕು ಆಸ್ಪತ್ರೆಗಳು ಇಟ್ಟುಕೊಂಡು, ಯಾವ ವರ್ಷ ಎಲ್ಲಿ ರೋಗಿ ಬಂದರೂ ಅದೇ ಲೆಕ್ಕಕ್ಕೆ ಸೇರಿಸುತ್ತ ಎರಡು ಮೂರು ಬೇಸಿಗೆ ಮುಂದುವರಿಸಿದರೆ ಉತ್ತರ ಸಿಕ್ಕೀತು.

ಇಷ್ಟೊಂದು ಆಸ್ಪತ್ರೆಗಳನ್ನು ಒಂದೇ ದಾರದಲ್ಲಿ ಪೋಣಿಸುವುದು ನಮ್ಮಿಂದ ಆಗುವ ಕೆಲಸವೇ ಎಂದು ಕೇಳುವವರಿಗೆ 2020ರ ಪ್ಲಾಸ್ಮಾ ಪ್ರಯೋಗವನ್ನು ನೆನಪಿಸುತ್ತೇನೆ. ಕೊರೊನಾದಿಂದ ಗುಣವಾದವರ ಪ್ಲಾಸ್ಮಾಕ್ಕೆ ದೇಶವೆಲ್ಲ ಓಡಾಡುತ್ತಿದ್ದಾಗ, ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಏಪ್ರಿಲ್ 22ರಿಂದ ಜುಲೈ 14ರೊಳಗೆ ಸೇರಿಸಿಕೊಂಡು, ಅದರಿಂದ ಸಾವು ಕಡಿಮೆಯಾಗುವುದಿಲ್ಲವೆಂದು ತೋರಿಸಿತು. ಆ ಫಲಿತಾಂಶಕ್ಕೆ ಕಿವಿಗೊಟ್ಟು ಪ್ಲಾಸ್ಮಾವನ್ನು ಚಿಕಿತ್ಸೆಯ ಪಟ್ಟಿಯಿಂದ ಕೈಬಿಡಲು 2021ರ ಮೇ ತಿಂಗಳು ಬರಬೇಕಾಯಿತೆಂಬುದು ಬೇರೆ ಮಾತು.

ಪ್ರಯೋಗಾಲಯದ ಬಗ್ಗೆ ಒಂದೆರಡು ಮಾತು. ನಮ್ಮ ಕಾಲದಲ್ಲಿ ರಕ್ತದ ಮಾದರಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ನಡುವೆ ಇರಿಸಿ, ಶಿವಮೊಗ್ಗದ ಬಸ್ಸು ಹತ್ತುವ ಸಿಬ್ಬಂದಿಯ ತೊಡೆಯ ಮೇಲಿಟ್ಟು ಕಳುಹಿಸುತ್ತಿದ್ದೆವು. ಬಸ್ಸು ತಪ್ಪಿದರೆ ಮರುದಿನ. ಆರ್‌ಟಿಪಿಸಿಆರ್ ಪರೀಕ್ಷೆಯಲ್ಲಿ ವೈರಾಣು ಸಿಗುವುದು ಜ್ವರದ ಮೊದಲ ಕೆಲವು ದಿನ. ತಡವಾದರೆ ರಕ್ತದಲ್ಲಿನ ಪ್ರತಿಕಾಯಗಳನ್ನು ಹುಡುಕಬೇಕು, ಅವು ಹಳೆಯ ಲಸಿಕೆಯವೋ ಹೊಸ ಕಾಯಿಲೆಯವೋ ಎಂಬ ಗೊಂದಲ ಶುರುವಾಗುತ್ತದೆ. ಲಸಿಕೆಯ ಪ್ರಯೋಗದಲ್ಲಿ ಜ್ವರ ಬಂದ ಪ್ರತಿಯೊಬ್ಬರ ರಕ್ತವನ್ನೂ ಒಂದೇ ಬಗೆಯಲ್ಲಿ, ಒಂದೇ ಅವಧಿಯೊಳಗೆ ಪರೀಕ್ಷಿಸಲಾಗದಿದ್ದರೆ ಉಳಿದ ಖರ್ಚೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಶಿವಮೊಗ್ಗದ ಪ್ರಯೋಗಾಲಯದ ಜೊತೆಗೆ ತಾಲ್ಲೂಕು ಮಟ್ಟದಲ್ಲೂ ಮೊದಲ ಹಂತದ ಪರೀಕ್ಷೆ ಆಗುವ ವ್ಯವಸ್ಥೆ ಇದಕ್ಕೆ ಅನಿವಾರ್ಯ.

ಕಾಯಿಲೆಯಿಲ್ಲದ ಆರು ತಿಂಗಳು ಈ ಸಿಬ್ಬಂದಿಗೆ ಏನು ಕೆಲಸ ಎಂದು ಹಣಕಾಸು ಇಲಾಖೆಯವರು ಖಂಡಿತ ಕೇಳುತ್ತಾರೆ. ಮಲೆನಾಡಿನಲ್ಲಿ ಜ್ವರಕ್ಕೆ ರಜೆಯಿಲ್ಲ. ಮಳೆಗಾಲದಲ್ಲಿ ಡೆಂಗಿ, ಇಲಿ ಜ್ವರ, ಸ್ಕ್ರಬ್ ಟೈಫಸ್ ಅದೇ ವಾರ್ಡಿಗೆ ಬರುತ್ತವೆ. ತೀವ್ರ ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್ ಎರಡನ್ನೂ ಕೂಡಿಸಿ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಮೇಲು ಎಂದು 2023ರಲ್ಲಿ ಜಗತ್ತಿಗೆ ತಿಳಿಸಿದ್ದು ಭಾರತದ ಏಳು ಆಸ್ಪತ್ರೆಗಳಲ್ಲಿ ಸುಮಾರು ಎಂಟುನೂರು ರೋಗಿಗಳೊಂದಿಗೆ ನಡೆದ ಪ್ರಯೋಗ. ಎರಡೂ ಹಳೆಯ ಔಷಧಗಳೇ. ಹೊಸದಾಗಿ ಬೇಕಾದದ್ದು ಕ್ರಮಬದ್ಧವಾಗಿ ಹೋಲಿಸುವ ಶಿಸ್ತು ಮಾತ್ರ. ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಇಲಾಖೆ ಹಂಚುವ ಡೇಪಾ ತೈಲವನ್ನೇ ತೆಗೆದುಕೊಳ್ಳಿ. ಅದನ್ನು ಬಾಟಲಿಗಟ್ಟಲೆ ಹಂಚಿದ ನನಗೆ, ಎಷ್ಟೋ ಮನೆಗಳಲ್ಲಿ ಅದು ದೇವರ ಗೂಡಿನ ಪಕ್ಕದಲ್ಲಿ ಮುಚ್ಚಳ ತೆರೆಯದೆ ಕೂತಿದ್ದದ್ದೂ ಗೊತ್ತು. ಕೆಲವು ಹಳ್ಳಿಗಳಲ್ಲಿ ಬಾಟಲಿ ಮಾತ್ರ ಕೊಟ್ಟು, ಕೆಲವು ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ ಹಚ್ಚುವ ಕ್ರಮ ತೋರಿಸಿ, ಎರಡು ಕಡೆಯ ಕಾಯಿಲೆಯನ್ನು ಹೋಲಿಸುವ ಪ್ರಯೋಗಕ್ಕೆ ದೊಡ್ಡ ಪ್ರಯೋಗಾಲಯವೇನೂ ಬೇಡ. ಇಂಥ ಸಣ್ಣ ಕೆಲಸಗಳಲ್ಲಿ ಕೈ ಪಳಗಿದವರೇ ನಾಳೆ ಲಸಿಕೆಯ ದೊಡ್ಡ ಕೆಲಸಕ್ಕೂ ಒದಗುವರು. ಆದರೆ ಅವರನ್ನು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿ ಇಟ್ಟು, ಕಲಿತವರನ್ನು ಕಳಿಸಿ ಕಲಿಯದವರನ್ನು ತರುವ ಪದ್ಧತಿ ಮುಂದುವರಿದರೆ ಎಲ್ಲವೂ ವ್ಯರ್ಥ.

ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗಳಿಗೆಂದು ಐಸಿಎಂಆರ್ ಕಟ್ಟಿರುವ ಜಾಲದಲ್ಲಿ ಮುಂಬೈ, ನವಿ ಮುಂಬೈ, ಚೆನ್ನೈ ಬಳಿಯ ಕಾಟ್ಟಾಂಕೊಳತ್ತೂರು ಮತ್ತು ಚಂಡೀಗಢದ ಸಂಸ್ಥೆಗಳಿವೆ. ಆರೋಗ್ಯವಂತ ಸ್ವಯಂಸೇವಕರಲ್ಲಿ ಸುರಕ್ಷತೆ ನೋಡುವ ಆ ಹಂತಕ್ಕೆ ನಗರದ ದೊಡ್ಡ ಸಂಸ್ಥೆಗಳೇ ತಕ್ಕವು, ಅದಕ್ಕೆ ನನ್ನ ತಕರಾರಿಲ್ಲ. ಕಾಯಿಲೆ ತಡೆಯುತ್ತದೆಯೇ ಎಂದು ನೋಡುವ ಹಂತ ಮಾತ್ರ ಕಾಯಿಲೆ ಇರುವಲ್ಲಿಗೇ ಬರಬೇಕು. ಅದು ಬಂದಾಗ ಭಾಗವಹಿಸಿದವರಿಗೆ ಏನಾದರೂ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕೆಂದು ನಿಯಮವೇ ಹೇಳುತ್ತದೆ. ಆ ಪರಿಹಾರದ ಅರ್ಜಿ ಕನ್ನಡದಲ್ಲಿ ಇರಲಿ, ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ. ಹೋಲಿಕೆಯ ಗುಂಪಿನಲ್ಲಿದ್ದು ಲಸಿಕೆ ಸಿಗದವರಿಗೆ, ಅದು ಫಲಕಾರಿಯೆಂದು ಗೊತ್ತಾದ ಮೇಲೆ ಮೊದಲ ಸರದಿ ಸಿಗಲಿ. ಫಲಿತಾಂಶ ಏನೇ ಬಂದರೂ ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ನಮ್ಮ ಲೆಡ್ಜರಿನಲ್ಲಿ ಹೆಸರಿದ್ದ ಒಬ್ಬರಿಗೂ ‘ನಿಮಗೆ ಚುಚ್ಚಿದ ಲಸಿಕೆಯಿಂದ ಇಷ್ಟು ಉಪಯೋಗವಾಯಿತು, ಇಷ್ಟು ಆಗಲಿಲ್ಲ’ ಎಂದು ನಾವು ಹೋಗಿ ಹೇಳಿದ್ದಿಲ್ಲ. ಹೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ನೈತಿಕ ಸಮಿತಿಯ ನೋಂದಣಿಗೆ ಅರ್ಜಿ ಹಾಕಿದರೆ 45 ಕೆಲಸದ ದಿನಗಳಲ್ಲಿ ತೀರ್ಮಾನವಾಗಬೇಕೆಂದು ಅದೇ 2019ರ ನಿಯಮದಲ್ಲಿದೆ. ಜೂನ್ ತಿಂಗಳಲ್ಲಿ ಸಾಗರದಿಂದ ಅರ್ಜಿ ಹೋದರೆ ಚೌತಿಯ ಹೊತ್ತಿಗೆ ಉತ್ತರ ಬರುತ್ತದೆ. ಆಮೇಲೆ ಶುಶ್ರೂಷಕಿಯರ ತರಬೇತಿಗೆ, ಲಸಿಕೆಯ ಪುಟವೂ ಜ್ವರದ ಚೀಟಿಯೂ ಒಂದೇ ಸಂಖ್ಯೆಯಡಿ ಸೇರುವ ದಾಖಲೆಗೆ, ಮನೆಮನೆಗೆ ಹೋಗಿ ಮಾತನಾಡುವುದಕ್ಕೆ ಮೂರು ತಿಂಗಳು ಉಳಿಯುತ್ತದೆ. ಆರೋಗ್ಯ ಇಲಾಖೆಯ ಆಯುಕ್ತರು ಈ ಅರ್ಜಿಗೆ ಯಾರು ಸಹಿ ಹಾಕಬೇಕೆಂಬುದನ್ನು ಬೇಗ ಗೊತ್ತುಮಾಡಲಿ ಎಂದು ಕೋರುತ್ತೇನೆ.

ಇಂತಿ,
ನಿವೃತ್ತ ಹಿರಿಯ ಆರೋಗ್ಯ ನಿರೀಕ್ಷಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ